ಎರಡು ಸಲ ಬಿಗಿದರೂ ಬೆಲ್ಟ್ ಕಿರುಚುತ್ತಿದೆ, ಮೂರನೆಯ ಸಲ ಬಿಗಿಸಬೇಕೇ?

ಪ್ರಶ್ನೆ: ನಮ್ಮ ಮನೆಯಲ್ಲಿ 2004ರ ಮಾರುತಿ 800 ಎಸಿ ಕಾರು ಇದೆ. ತಂದೆಯವರು ಕೊಂಡದ್ದು, ಮಾರಲು ಮನಸ್ಸಿಲ್ಲ. ನಾವಿರುವುದು ತೀರ್ಥಹಳ್ಳಿ ಸಮೀಪದ ಹಳ್ಳಿಯಲ್ಲಿ. ವಾರಕ್ಕೆ ಒಂದೆರಡು ಸಲ ಪೇಟೆಗೆ ಹೋಗಿಬರಲು ಮಾತ್ರ ಕಾರು ಹೊರಗೆ ಬರುತ್ತದೆ. ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿನಿಂದ ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ ಕೀರಲು ಸದ್ದು ಬರುತ್ತದೆ. ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಹೆಡ್‌ಲೈಟ್ ಹಾಕಿದರೆ ಮತ್ತೆ ಬರುತ್ತದೆ. ಗ್ಯಾರೇಜಿನಲ್ಲಿ ಎರಡು ಸಲ ಬೆಲ್ಟ್ ಬಿಗಿ ಮಾಡಿಸಿದೆ. ಒಂದು ವಾರ ಸುಮ್ಮನಿದ್ದು ಮತ್ತೆ ಶುರು. ಒಬ್ಬರು ಸೋಪು ಉಜ್ಜಿಕೊಟ್ಟರು. ಇನ್ನೊಬ್ಬರು ಆಲ್ಟರ್ನೇಟರ್ ಹೋಗಿದೆ, ಹೊಸದು ಹಾಕಿಸಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಎರಡು ಕೆಲಸಗಳನ್ನು ಮಾಡಬೇಡಿ. ಮೂರನೆಯ ಸಲ ಬೆಲ್ಟ್ ಬಿಗಿಸಬೇಡಿ. ಆಲ್ಟರ್ನೇಟರ್, ಅಂದರೆ ಕಾರಿಗೆ ಕರೆಂಟ್ ಹುಟ್ಟಿಸುವ ಯಂತ್ರ, ಕೊಳ್ಳಬೇಡಿ. ಸಡಿಲವಾಗಿದ್ದ ಬೆಲ್ಟನ್ನು ಒಮ್ಮೆ ಸರಿಯಾಗಿ ಬಿಗಿದರೆ ಅದು ತಿಂಗಳುಗಟ್ಟಲೆ ಸುಮ್ಮನಿರಬೇಕು. ವಾರದಲ್ಲೇ ಮತ್ತೆ ಕಿರುಚಿತು ಎಂದರೆ ಬಿಗಿತದ ಕೊರತೆ ಅದರ ರೋಗವಲ್ಲ ಎಂದೇ ಅರ್ಥ. ಅದು ಜಾರುವುದಕ್ಕೆ ಬೇರೆ ಕಾರಣವಿದೆ. ಆ ಕಾರಣ ಹುಡುಕುವ ಬದಲು ಬಿಗಿಯುತ್ತಲೇ ಹೋದರೆ ಇಂದು ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ ನಾಳೆ ಎಂಜಿನ್ ತಣಿಸುವ ನೀರನ್ನು ಓಡಿಸುವ ವಾಟರ್ ಪಂಪ್‌ನ ಬೇರಿಂಗ್‌ವರೆಗೆ ಹೋಗುತ್ತದೆ.

ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅರ್ಧ ನಿಮಿಷ, ಆಮೇಲೆ ಹೆಡ್‌ಲೈಟ್ ಹಾಕಿದಾಗ. ಈ ಎರಡು ಹೊತ್ತಿನಲ್ಲೂ ಹೊರೆ ಬೀಳುವುದು ಆಲ್ಟರ್ನೇಟರ್ ಮೇಲೆ. ಹಾಗಾಗಿ ಸದ್ದು ಮಾಡುತ್ತಿರುವುದು ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್, ಎಸಿಯದ್ದಲ್ಲ. ನಿಮ್ಮ ಕಾರಿನಲ್ಲಿ ಹೊರಗೆ ಕಾಣುವ ಬೆಲ್ಟುಗಳು ಎರಡು. ಒಂದು ಎಂಜಿನ್ ನೇರವಾಗಿ ತಿರುಗಿಸುವ ಗಾಲಿಯಾದ ಕ್ರ್ಯಾಂಕ್ ಪುಲಿಯಿಂದ ಹೊರಟು ವಾಟರ್ ಪಂಪ್ ಮತ್ತು ಆಲ್ಟರ್ನೇಟರ್ ಎರಡನ್ನೂ ತಿರುಗಿಸುತ್ತದೆ. ಇನ್ನೊಂದು ಎಸಿ ಕಂಪ್ರೆಸರ್‌ಗೆ ಮೀಸಲು. ಮುಚ್ಚಳದ ಒಳಗೆ ಹಲ್ಲುಗಳಿರುವ ಟೈಮಿಂಗ್ ಬೆಲ್ಟ್ ಬೇರೆಯೇ ಇದೆ. ಅದಕ್ಕೂ ಈ ಕಿರುಚಾಟಕ್ಕೂ ಸಂಬಂಧವಿಲ್ಲ. ಹಲ್ಲು ಕಚ್ಚಿಕೊಂಡು ತಿರುಗುವ ಬೆಲ್ಟ್ ಹೀಗೆ ಜಾರುವುದಿಲ್ಲ. ಗ್ಯಾರೇಜಿನಲ್ಲಿ ಎಲ್ಲರೂ ಮೊದಲನೆಯದನ್ನು ಇಂದಿಗೂ ‘ಫ್ಯಾನ್ ಬೆಲ್ಟ್’ ಎಂದೇ ಕರೆಯುತ್ತಾರೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಅದು ನಿಜವಾಗಿಯೂ ರೇಡಿಯೇಟರ್ ಹಿಂದಿನ ಫ್ಯಾನ್ ತಿರುಗಿಸುತ್ತಿತ್ತು. 800ರಲ್ಲಿ ಫ್ಯಾನ್‌ಗೆ ಸ್ವಂತ ಮೋಟಾರ್ ಇದೆ, ಹೆಸರು ಮಾತ್ರ ಉಳಿದುಕೊಂಡಿದೆ. ಅಂಗಡಿಯಲ್ಲಿ ‘ಫ್ಯಾನ್ ಬೆಲ್ಟ್’ ಎಂದು ಕೇಳಿದರೆ ಸಿಗುವುದು ಇದೇ.

ಬೆಲ್ಟ್ ಪುಲಿಯನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದು ಗೊತ್ತಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ಸುಲಭ. ಹಳೆಯ ಕಾರುಗಳ ವಿ ಬೆಲ್ಟ್ ಒಂದು ಬೆಣೆ. ಅದು ಪುಲಿಯ ತೋಡಿನ ತಳದಲ್ಲಿ ಕೂರುವುದಿಲ್ಲ. ಎರಡು ಪಕ್ಕೆಗಳಿಂದ ತೋಡಿನ ಗೋಡೆಗಳನ್ನು ಒತ್ತಿ ಹಿಡಿಯುತ್ತದೆ. ಕಟ್ಟಿಗೆ ಸೀಳಲು ಬೆಣೆ ಹೊಡೆದಾಗ ಸಣ್ಣ ಏಟು ದೊಡ್ಡ ಒತ್ತಡವಾಗುವಂತೆ, ಬೆಲ್ಟಿನ ಸಾಧಾರಣ ಎಳೆತ ಗೋಡೆಗಳ ಮೇಲೆ ಸುಮಾರು ಮೂರು ಪಟ್ಟು ಒತ್ತಡವಾಗುತ್ತದೆ. ಬೆಲ್ಟ್ ಸವೆದು ಕಿರಿದಾದರೆ ತೋಡಿನೊಳಗೆ ಕುಸಿಯುತ್ತದೆ. ಅದರ ತಳ ತೋಡಿನ ತಳಕ್ಕೆ ತಾಗಿದ ದಿನವೇ ಬೆಣೆಯ ಬಲ ಮುಗಿಯಿತು. ಆಮೇಲೆ ನೀವು ಎಷ್ಟೇ ಬಿಗಿದರೂ ಆ ಎಳೆತವೆಲ್ಲ ತಳಕ್ಕೆ ಹೋಗುತ್ತದೆ, ಪಕ್ಕೆಗೆ ಹೋಗುವುದಿಲ್ಲ. ನಿಮ್ಮ ಕಾರಿನಲ್ಲಿ ಎರಡು ಸಲ ಬಿಗಿಸಿದ್ದು ವ್ಯರ್ಥವಾಗಿದ್ದಕ್ಕೆ ಇದೇ ಕಾರಣ ಇರಬಹುದು ಎಂಬುದು ನನ್ನ ಮೊದಲ ಸಂಶಯ. ಬಾನೆಟ್ ಎತ್ತಿ ಟಾರ್ಚ್ ಹಿಡಿದು ನೋಡಿ. ಬೆಲ್ಟಿನ ಬೆನ್ನು ಪುಲಿಯ ಅಂಚಿನ ಸಮಕ್ಕೆ ಇರಬೇಕು, ಇಲ್ಲವೇ ಕೂದಲೆಳೆಯಷ್ಟು ಮೇಲಿರಬೇಕು. ಒಳಗೆ ಹೂತುಕೊಂಡಂತೆ ಕಂಡರೆ ಆ ಬೆಲ್ಟಿನ ಆಯುಷ್ಯ ತೀರಿದೆ.

ಇನ್ನು ಸದ್ದಿನ ವಿಷಯ. ಬೆಲ್ಟ್ ಒಂದೇ ಸಮನೆ ಜಾರಿದರೆ ಸದ್ದು ಬರುವುದಿಲ್ಲ. ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ನಡೆದಾಗ ಬೆಲ್ಟೇ ತಂತಿಯಂತೆ ಕಂಪಿಸತೊಡಗುತ್ತದೆ. ಪಿಟೀಲಿನ ಕಮಾನು ತಂತಿಯಿಂದ ನಾದ ಹೊರಡಿಸುವುದೂ ಹೀಗೆಯೇ. ಸ್ವಲ್ಪ ತೇವ ಇದ್ದಾಗ ಈ ಹಿಡಿ-ಬಿಡಿ ಆಟ ಜೋರಾಗುತ್ತದೆ. ಅದಕ್ಕೇ ಮಲೆನಾಡಿನ ಜುಲೈ ಮುಂಜಾನೆ ಕಿರುಚುವ ಬೆಲ್ಟ್ ಮಾರ್ಚ್ ತಿಂಗಳಿನಲ್ಲಿ ಬಾಯಿ ಬಿಡುವುದಿಲ್ಲ. ಜಾರಿದ ಬೆಲ್ಟ್ ಬಿಸಿಯಾಗುತ್ತದೆ, ಬಿಸಿಗೆ ತೇವ ಆರುತ್ತದೆ, ಸದ್ದು ನಿಲ್ಲುತ್ತದೆ. ಆದರೆ ಪ್ರತಿ ಸಲ ಬಿಸಿಯಾದಾಗಲೂ ಅದರ ಪಕ್ಕೆಯ ರಬ್ಬರ್ ಒಂದಿಷ್ಟು ಸುಟ್ಟು ಗಟ್ಟಿಯಾಗಿ, ಗಾಜಿನಂತೆ ಹೊಳೆಯತೊಡಗುತ್ತದೆ. ಹೊಳಪು ಬಂದ ಪಕ್ಕೆ ಇನ್ನಷ್ಟು ಬೇಗ ಜಾರುತ್ತದೆ. ಅದು ತಾನಾಗಿ ಸರಿಹೋಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ಸದ್ದು ನಿಂತರೂ ಮುಂದಿನ ಮಳೆಗೆ ಇನ್ನೂ ಜೋರಾಗಿ ಬರುತ್ತದೆ.

ಈಗ ಅತಿ ಮುಖ್ಯವಾದದ್ದಕ್ಕೆ ಬರುತ್ತೇನೆ. ಇದನ್ನು ಗ್ಯಾರೇಜಿನಲ್ಲಿ ಯಾರೂ ನಿಮಗೆ ಕೇಳಿರಲಾರರು: ನಿಮ್ಮ ಬ್ಯಾಟರಿ ಹೇಗಿದೆ?

ವಾರಕ್ಕೆ ಒಂದೆರಡು ಸಲ, ಅದೂ ಹತ್ತಿಪ್ಪತ್ತು ಕಿಲೋಮೀಟರ್ ಓಡುವ ಕಾರಿನ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ಸ್ಟಾರ್ಟ್ ಮಾಡುವಾಗ ಖರ್ಚಾದದ್ದು ಮರಳಿ ಬರುವಷ್ಟರಲ್ಲಿ ಮನೆ ಬಂದಿರುತ್ತದೆ. ಹಸಿದ ಬ್ಯಾಟರಿ ಎಂಜಿನ್ ಹತ್ತಿದ ಕ್ಷಣದಿಂದ ಆಲ್ಟರ್ನೇಟರ್‌ನಿಂದ ಸಿಕ್ಕಷ್ಟು ಕರೆಂಟ್ ಎಳೆಯುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಆಲ್ಟರ್ನೇಟರ್ 14 ವೋಲ್ಟ್‌ನಲ್ಲಿ 50 ಆಂಪಿಯರ್ ಕೊಡುತ್ತಿದೆ ಎಂದುಕೊಳ್ಳಿ. ಅದು 700 ವ್ಯಾಟ್. ಸಣ್ಣ ಆಲ್ಟರ್ನೇಟರ್ ತಾನು ಪಡೆದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಬಿಸಿಯಾಗಿ ಕಳೆಯುತ್ತದೆ, ಆದ್ದರಿಂದ ಬೆಲ್ಟ್ ಸಾಗಿಸಬೇಕಾದದ್ದು ಸುಮಾರು 1400 ವ್ಯಾಟ್. ಎರಡು ಅಶ್ವಶಕ್ತಿಗೆ ಸ್ವಲ್ಪ ಕಡಿಮೆ. ತೋಟಕ್ಕೆ ನೀರೆತ್ತುವ ಸಣ್ಣ ಪಂಪಿನಷ್ಟು ಕೆಲಸವನ್ನು ಬೆರಳು ದಪ್ಪದ ರಬ್ಬರ್ ಪಟ್ಟಿ, ಅಂಗೈಗಿಂತ ಸಣ್ಣ ಪುಲಿಯನ್ನು ಹಿಡಿದು, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಮಾಡಬೇಕು. ವೇಗ ಕಡಿಮೆ ಇದ್ದಷ್ಟೂ ಅದೇ ಶಕ್ತಿಗೆ ಎಳೆತ ಹೆಚ್ಚು ಬೇಕು. ಮೂರು ಪುಲಿಗಳ ಪೈಕಿ ಆಲ್ಟರ್ನೇಟರ್‌ನದ್ದೇ ಚಿಕ್ಕದು, ಅದಕ್ಕೆ ಬೆಲ್ಟ್ ಸುತ್ತಿಕೊಳ್ಳುವ ಭಾಗವೂ ಕಡಿಮೆ. ಜಾರುವುದಿದ್ದರೆ ಅಲ್ಲೇ ಜಾರುತ್ತದೆ.

ಆದ್ದರಿಂದ ವೋಲ್ಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ತೆಗೆದುಕೊಳ್ಳಿ. ಮನೆಯ ವಿದ್ಯುತ್ ಕೆಲಸ ಮಾಡುವವರ ಹತ್ತಿರ ಇರುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಅಳೆಯಿರಿ. ಚೆನ್ನಾಗಿ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.2 ಇದ್ದರೆ ಅರ್ಧ ಖಾಲಿ. 12ಕ್ಕಿಂತ ಕಡಿಮೆ ಇದ್ದರೆ ಅದು ಬಹುತೇಕ ಬರಿದಾಗಿದೆ, ಸ್ಟಾರ್ಟ್ ಆಗುತ್ತಿರುವುದೇ ನಿಮ್ಮ ಪುಣ್ಯ. ಆಮೇಲೆ ಎಂಜಿನ್ ಹತ್ತಿಸಿ, ಸದ್ದು ನಿಂತ ಮೇಲೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಮತ್ತೆ ಅಳೆಯಿರಿ. 13.8ರಿಂದ 14.5ರ ನಡುವೆ ಇದ್ದರೆ ಆಲ್ಟರ್ನೇಟರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ, ಹೊಸದು ಹಾಕಿಸಿ ಎಂದವರ ಮಾತಿಗೆ ಆಧಾರವಿಲ್ಲ. 15 ದಾಟಿದರೆ ಮಾತ್ರ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಅದು ಬ್ಯಾಟರಿಯನ್ನೂ ಬೇಯಿಸುತ್ತದೆ, ಬೆಲ್ಟನ್ನೂ ದಣಿಸುತ್ತದೆ. ಆಗಲೂ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲಿ ರೆಗ್ಯುಲೇಟರ್ ಬದಲಾಯಿಸಿದರೆ ಸಾಕಾಗಬಹುದು.

ಬ್ಯಾಟರಿ ಕಡಿಮೆ ತೋರಿಸಿತೇ? ಚಾರ್ಜರ್ ಹಾಕಿ ಒಂದು ರಾತ್ರಿ ಪೂರ್ತಿ ತುಂಬಿಸಿ, ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿ ಕೇಳಿ. ಎಷ್ಟೋ ಕಾರುಗಳಲ್ಲಿ ಇಷ್ಟರಿಂದಲೇ ಸದ್ದು ಅರ್ಧಕ್ಕಿಳಿದದ್ದನ್ನು ನಾನು ಕಂಡಿದ್ದೇನೆ. ಬ್ಯಾಟರಿಗೆ ವಯಸ್ಸಾಗಿ ಚಾರ್ಜ್ ಹಿಡಿಯದೇ ಹೋಗಿದ್ದರೆ ಎಷ್ಟು ಹೊಸ ಬೆಲ್ಟ್ ಹಾಕಿದರೂ ಆರು ತಿಂಗಳಿಗೆ ಒಂದನ್ನು ಸುಡುತ್ತೀರಿ.

ಮುಂದಿನ ಪರೀಕ್ಷೆಗೆ ನೀರು ಚಿಮುಕಿಸುವ ಒಂದು ಸ್ಪ್ರೇ ಬಾಟಲಿ ಸಾಕು. ಮೊದಲು ಎಚ್ಚರಿಕೆಯ ಮಾತು: ತಿರುಗುವ ಬೆಲ್ಟಿನ ಹತ್ತಿರ ಶಾಲು, ಸೆರಗು, ಸಡಿಲ ತೋಳಿನ ಅಂಗಿ, ಕೊರಳ ಸರ ಯಾವುದೂ ಇರಬಾರದು. ನಿಮ್ಮ ಕಾರಿನ ವಿದ್ಯುತ್ ಫ್ಯಾನ್ ಎಂಜಿನ್ ಬಿಸಿಯಾದಾಗ ಹೇಳದೆ ಕೇಳದೆ ತಿರುಗತೊಡಗುತ್ತದೆ, ಅದರಿಂದಲೂ ಬೆರಳು ದೂರವಿರಲಿ. ಎಂಜಿನ್ ಓಡುತ್ತಿರುವಾಗ, ಸದ್ದು ಬರುತ್ತಿರುವಾಗಲೇ, ದೂರದಿಂದ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ: ಸಡಿಲ, ಸವೆತ, ಎಣ್ಣೆ, ಹೊರೆ, ಇವುಗಳಲ್ಲಿ ಒಂದು ಕಾರಣ. ಕ್ಷಣಕಾಲ ಪೂರ್ತಿ ಮೌನವಾಗಿ ಮತ್ತೆ ಮರಳಿದರೆ ಪುಲಿಗಳು ಒಂದೇ ಸಾಲಿನಲ್ಲಿ ಇಲ್ಲ. ಸಾಲು ತಪ್ಪಿದ ಬೆಲ್ಟಿನ ಸದ್ದೂ ಬೇರೆ ಬಗೆಯದು. ಅದು ಉದ್ದನೆಯ ಕಿರುಚಲ್ಲ. ಗುಬ್ಬಿ ಚಿಲಿಪಿಲಿ ಎಂದಂತೆ ಬಿಟ್ಟುಬಿಟ್ಟು ಬರುತ್ತದೆ, ಎಂಜಿನ್ ವೇಗದ ಜೊತೆ ಅದರ ಲಯವೂ ಏರುತ್ತದೆ. ನೀರು ಬಿದ್ದರೂ ಏನೂ ಬದಲಾಗದೆ ಗೊರಗೊರ ಸದ್ದು ಮುಂದುವರಿದರೆ ಅದು ಬೆಲ್ಟಿನದಲ್ಲ, ಯಾವುದೋ ಬೇರಿಂಗಿನದು. ನೀವು ಬರೆದ ವಿವರದ ಪ್ರಕಾರ ನಿಮಗೆ ಮೊದಲನೆಯದೇ ಆಗುತ್ತದೆ ಎಂಬ ನಿರೀಕ್ಷೆ ನನ್ನದು.

ಇನ್ನು ಬೆಲ್ಟ್ ಬಿಚ್ಚಿ ನೋಡಲೇಬೇಕು. ಇಷ್ಟು ದಿನ ನಿಮ್ಮ ಕಾರಿಗೆ ಆಗದೇ ಇದ್ದದ್ದು ಇದೇ ಕೆಲಸ. ಎಂಜಿನ್ ತಣ್ಣಗಿರಲಿ, ಕೀಲಿ ಜೇಬಿನಲ್ಲಿರಲಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಲಿ. ಆಲ್ಟರ್ನೇಟರ್ ಹಿಂದಿನ ದಪ್ಪ ತಂತಿಯಲ್ಲಿ ಯಾವಾಗಲೂ ಬ್ಯಾಟರಿಯ ಕರೆಂಟ್ ಇರುತ್ತದೆ, ಪಾನ ತಾಗಿದರೆ ಕಿಡಿ ಹಾರುತ್ತದೆ. ಆಲ್ಟರ್ನೇಟರ್‌ನ ಕೆಳಗಿನ ತಿರುಗಣಿ ಬೋಲ್ಟ್ ಮತ್ತು ಮೇಲಿನ ಸೀಳುಪಟ್ಟಿಯ ಬೋಲ್ಟ್ ಎರಡನ್ನೂ ಸಡಿಲಿಸಿದರೆ ಅದು ಎಂಜಿನ್ ಕಡೆ ವಾಲುತ್ತದೆ, ಬೆಲ್ಟ್ ಕೈಗೆ ಬರುತ್ತದೆ. ಅನೇಕರು ಮೇಲಿನದೊಂದನ್ನೇ ಸಡಿಲಿಸಿ ಒತ್ತಾಯದಿಂದ ಎಳೆಯುತ್ತಾರೆ, ಅಲ್ಲೇ ಆಧಾರದ ಪಟ್ಟಿ ಬಾಗುವುದು. ಹೊರಗಿನ ಬೆಲ್ಟ್ ತೆಗೆಯದೆ ಒಳಗಿನದು ಬರದಿದ್ದರೆ ಎಸಿ ಬೆಲ್ಟನ್ನೂ ಬಿಚ್ಚಬೇಕಾಗುತ್ತದೆ. ಹಾಗಾದರೆ ಎರಡನ್ನೂ ಒಟ್ಟಿಗೆ ಹೊಸದು ಹಾಕುವುದು ಜಾಣತನ.

ಬಿಚ್ಚಿದ ಬೆಲ್ಟನ್ನು ಒಳಹೊರಗು ಮಾಡಿ ಬಾಗಿಸಿ ಹಗಲಿನ ಬೆಳಕಿಗೆ ಹಿಡಿಯಿರಿ. ಪಕ್ಕೆ ಹೊಳೆಯುತ್ತಿದೆಯೇ? ಬಾಗಿಸಿದಾಗ ಅಡ್ಡ ಬಿರುಕು ಕಾಣುತ್ತದೆಯೇ? ನೂಲು ಹೊರಬಂದಿದೆಯೇ? ಕೈಗೆ ಅಂಟಂಟಾಗಿ, ಉಬ್ಬಿದಂತೆ ಇದೆಯೇ? ಅಂಟು ಮತ್ತು ಉಬ್ಬು ಎಣ್ಣೆಯ ಗುರುತು. ಆಮೇಲೆ ಪುಲಿಗಳತ್ತ ತಿರುಗಿ. ಒಂದೊಂದನ್ನೂ ಕೈಯಿಂದ ತಿರುಗಿಸಿ, ಅಲುಗಿಸಿ. ಆಲ್ಟರ್ನೇಟರ್ ನಯವಾಗಿ ತಿರುಗಿ ತಾನೇ ನಿಲ್ಲಬೇಕು. ಮರಳು ಅರೆದಂತೆ ಅನಿಸಿದರೆ ಬೇರಿಂಗ್ ಬದಲಾಯಿಸಬೇಕು. ವಾಟರ್ ಪಂಪ್ ಪುಲಿಯನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿದಾಗ ಲಟಪಟ ಎನ್ನಬಾರದು. ಪಂಪಿನ ಕೆಳಭಾಗದ ಸಣ್ಣ ರಂಧ್ರದ ಬಳಿ ಹಸಿರು ಅಥವಾ ತುಕ್ಕಿನ ಬಣ್ಣದ ಕಲೆ ಕಂಡರೆ ಪಂಪಿನ ಸೀಲ್ ಸೋರತೊಡಗಿದೆ. ಆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಹನಿ ಬೆಲ್ಟಿಗೆ ಸಿಡಿದರೂ ಸಾಕು, ಕಿರುಚು ಖಚಿತ. ಪುಲಿಯ ತೋಡಿನ ಗೋಡೆಗಳು ನಯವಾಗಿ ಮಂಕಾಗಿರಬೇಕು. ತಳ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ತಳಕ್ಕೆ ಉಜ್ಜುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೊಸ ಬೆಲ್ಟ್ ಹಾಕಿ ನೋಡಿದಾಗಲೂ ಅದು ಒಳಗೆ ಕುಸಿದರೆ ಪುಲಿಯೇ ಸವೆದಿದೆ, ಅದನ್ನು ಬದಲಾಯಿಸಬೇಕು. ಕಾರು ದಿನಗಟ್ಟಲೆ ನಿಲ್ಲುವುದರಿಂದ ತೋಡಿನಲ್ಲಿ ತುಕ್ಕಿನ ಪದರ ಕಟ್ಟಿರಬಹುದು. ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ ತೆಗೆಯಿರಿ.

ಎಣ್ಣೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮಲೆನಾಡು ಮತ್ತು ಕರಾವಳಿಯ ಕಾರುಗಳಲ್ಲಿ ಇದು ನಾವೇ ತಂದುಕೊಳ್ಳುವ ತೊಂದರೆ. ಮಳೆಗೆ ಮುಂಚೆ ತುಕ್ಕು ಹಿಡಿಯದಿರಲಿ ಎಂದು ಕಾರಿನ ಅಡಿಗೆ ಎಣ್ಣೆ ಹೊಡೆಸುವ ರೂಢಿ ಇದೆಯಲ್ಲ? ತಗಡಿಗೆ ಅದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಗನ್ ಹಿಡಿದ ಹುಡುಗ ಎಂಜಿನ್ನಿನ ಕೆಳಗಿನಿಂದ ಮೇಲಕ್ಕೆ ಹೊಡೆದಾಗ ಆ ಮಂಜು ನೇರವಾಗಿ ಬೆಲ್ಟ್ ಮತ್ತು ಪುಲಿಗಳ ಮೇಲೆ ಕೂರುತ್ತದೆ. ಕೆಲವೆಡೆ ಎಂಜಿನ್ ತೊಳೆದ ಮೇಲೆ ಹೊಳಪಿಗೆಂದು ಡೀಸೆಲ್ ಸಿಂಪಡಿಸುವುದೂ ಉಂಟು. ಎಣ್ಣೆ ಮತ್ತು ಡೀಸೆಲ್ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ನಿಮ್ಮ ಸದ್ದು ಮಳೆಗಾಲದ ಜೊತೆಗೇ ಶುರುವಾಯಿತು ಎಂದಿದ್ದೀರಿ. ಮೇ ತಿಂಗಳಿನಲ್ಲಿ ಎಣ್ಣೆ ಹೊಡೆಸಿದ್ದಿರಾ ಎಂದು ನೆನಪು ಮಾಡಿಕೊಳ್ಳಿ. ಹೌದಾದರೆ ಮುಂದಿನ ವರ್ಷದಿಂದ ಬೆಲ್ಟಿನ ಕಡೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಸಿ ಹೊಡೆಸಿ. ಎಣ್ಣೆಯ ಇನ್ನೊಂದು ಮೂಲ ಎಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್‌ನ ಗ್ಯಾಸ್ಕೆಟ್. ಇಪ್ಪತ್ತು ವರ್ಷದ ಎಂಜಿನ್ನಿನಲ್ಲಿ ಅದು ಒಣಗಿ ಎಣ್ಣೆ ಜಿನುಗುವುದು ಸಹಜ. ಜಿನುಗನ್ನು ನಿಲ್ಲಿಸದೆ ಹೊಸ ಬೆಲ್ಟ್ ಹಾಕಿದರೆ ಹಣ ನೀರಿನಲ್ಲಿ ಹಾಕಿದಂತೆ.

ಸೋಪು, ಮೇಣದ ಬತ್ತಿ, ಟಾಲ್ಕಂ ಪೌಡರ್, ಗ್ರೀಸ್, ಡಬ್ಬಿಯಲ್ಲಿ ಬರುವ ಸ್ಪ್ರೇ, ಇವುಗಳಲ್ಲಿ ಯಾವುದನ್ನೂ ಬೆಲ್ಟಿಗೆ ಹಚ್ಚಬಾರದು. ಇವು ಸದ್ದನ್ನು ನಿಲ್ಲಿಸುತ್ತವೆ, ಅದು ನಿಜ. ಹಿಡಿ-ಬಿಡಿ ಆಟ ನಿಂತು ಬೆಲ್ಟ್ ಮೌನವಾಗಿ ಜಾರತೊಡಗುತ್ತದೆ, ಅಷ್ಟೇ. ಹಾಗೆ ಜಾರುವ ಬೆಲ್ಟ್ ವಾಟರ್ ಪಂಪನ್ನೂ ಸರಿಯಾಗಿ ತಿರುಗಿಸುವುದಿಲ್ಲ ಎಂಬುದನ್ನು ನೆನಪಿಡಿ. ನಿಮ್ಮ ಬೆಲ್ಟಿಗೆ ಈಗಾಗಲೇ ಸೋಪು ಬಿದ್ದಿದೆ. ಒಣಗಿದಾಗ ಸುಮ್ಮನಿದ್ದು, ಮಳೆಯ ತೇವ ತಾಗಿದಾಗ ಅದು ಮತ್ತೆ ಜಾರುಬಂಡೆಯಾಗುತ್ತದೆ. ತೊಳೆದು ಉಳಿಸುವ ಪ್ರಯತ್ನ ಬೇಡ, ಆ ಬೆಲ್ಟನ್ನು ತೆಗೆದುಹಾಕಿ. ಪುಲಿಗಳ ತೋಡಿನಲ್ಲಿ ಅಂಟಿರುವ ಸೋಪನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿದ ಮೇಲೆಯೇ ಹೊಸದನ್ನು ಕೂರಿಸಿ.

ಚಕ್ರದ ಒಳಬದಿಗೂ ಒಮ್ಮೆ ಬಗ್ಗಿ ನೋಡಿ. ಪುಲಿಗಳಿರುವ ಬದಿಯ ಮುಂಚಕ್ರ ಮತ್ತು ಎಂಜಿನ್ ನಡುವೆ ನೀರು ಸಿಡಿಯದಂತೆ ತಡೆಯುವ ಪ್ಲಾಸ್ಟಿಕ್ ಮರೆಯೊಂದು ಇರಬೇಕು. ಹಳೆಯ ಕಾರುಗಳಲ್ಲಿ ಅದರ ಕ್ಲಿಪ್ ಮುರಿದು ಎಲ್ಲೋ ಬಿದ್ದುಹೋಗಿರುತ್ತದೆ, ಇಲ್ಲವೇ ಯಾರೋ ಬಿಚ್ಚಿ ಮರಳಿ ಹಾಕದೆ ಬಿಟ್ಟಿರುತ್ತಾರೆ. ಗುಂಡಿಯಲ್ಲಿ ನಿಂತ ನೀರಿನ ಮೇಲೆ ಹಾಯುವಾಗ ಕಿರುಚುವ ಕಾರುಗಳಿಗೆ ಬಹುಪಾಲು ಇದೇ ಕಾರಣ. ಗುಜರಿಯಲ್ಲಿ ಹುಡುಕಿಸಿದರೂ ಸರಿ, ಆ ಮರೆಯನ್ನು ಮರಳಿ ಹಾಕಿಸಿ.

ಹೊಸ ಬೆಲ್ಟ್ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಬೆನ್ನಿನ ಮೇಲಿನ ಅಂಕಿಗಳನ್ನು ಹೋಲಿಸಿ. ಅಂಕಿ ಅಳಿಸಿದ್ದರೆ ಕಾರಿನ ವರ್ಷ ಮತ್ತು ಮಾದರಿ ಹೇಳಿ ಕೇಳಿ. ಹಳೆಯದು ಹಿಗ್ಗಿರುವುದರಿಂದ ಉದ್ದವನ್ನು ಬರೀ ಕಣ್ಣಳತೆಯಲ್ಲಿ ನಂಬಬೇಡಿ. ಅಗಲ ಮಾತ್ರ ಖಂಡಿತ ಸರಿಹೊಂದಬೇಕು. ಅಂಗಡಿಯ ಹೊರಗೋಡೆಯ ಮೊಳೆಗೆ ಬಿಸಿಲಲ್ಲಿ ವರ್ಷಗಟ್ಟಲೆ ನೇತಾಡಿದ ಬೆಲ್ಟ್ ಬೇಡ. ಕಾಗದದ ತೋಳಿನೊಳಗೆ ಒಳಗೆಲ್ಲೋ ಇಟ್ಟದ್ದನ್ನು ಕೇಳಿ ಪಡೆಯಿರಿ. ಕಂಪನಿಯ ಬಿಡಿಭಾಗವಾದರೂ ಆಗಬಹುದು, ಫೆನ್ನರ್, ಗೇಟ್ಸ್‌ನಂಥ ಹೆಸರಿರುವವರದ್ದಾದರೂ ಆಗಬಹುದು.

ಕೂರಿಸುವಾಗ ಸ್ಕ್ರೂಡ್ರೈವರ್ ತುರುಕಿ ಪುಲಿಯ ಅಂಚಿನ ಮೇಲಿಂದ ಬೆಲ್ಟ್ ಏರಿಸಬೇಡಿ. ಒಳಗಿನ ನೂಲು ಅಲ್ಲೇ ಕಡಿದಿರುತ್ತದೆ, ಅದು ಗೊತ್ತಾಗುವುದು ಮೂರು ತಿಂಗಳ ಮೇಲೆ. ಆಲ್ಟರ್ನೇಟರನ್ನು ಪೂರ್ತಿ ಒಳಕ್ಕೆ ವಾಲಿಸಿದರೆ ಬೆಲ್ಟ್ ಕೈಯಿಂದಲೇ ಏರುತ್ತದೆ. ಆಮೇಲೆ ಮರದ ತುಂಡು ಅಥವಾ ರಾಡಿನಿಂದ ಆಲ್ಟರ್ನೇಟರನ್ನು ಹೊರಕ್ಕೆ ಮೀಟಿ ಹಿಡಿದು ಬೋಲ್ಟ್ ಬಿಗಿಯಬೇಕು. ಮೀಟುವಾಗ ರಾಡು ಪುಲಿಯ ಕಡೆಯ ಗಟ್ಟಿ ಭಾಗಕ್ಕೆ ತಾಗಲಿ. ಹಿಂಭಾಗದ ಅಲ್ಯೂಮಿನಿಯಂ ಮುಚ್ಚಳಕ್ಕೆ ಒತ್ತಿದರೆ ಅದು ಬಿರುಕು ಬಿಡುತ್ತದೆ. ಬಿಗಿತದ ಅಳತೆ ಹೀಗೆ: ಪುಲಿಗಳ ನಡುವಿನ ಅತಿ ಉದ್ದದ ಭಾಗದ ನಟ್ಟನಡುವೆ ಹೆಬ್ಬೆರಳಿನಿಂದ ಸುಮಾರು 10 ಕಿಲೋ ಭಾರದಷ್ಟು ಒತ್ತಿದಾಗ ಬೆಲ್ಟ್ 6ರಿಂದ 10 ಮಿಲಿಮೀಟರ್ ತಗ್ಗಬೇಕು. ಹೊಸ ಬೆಲ್ಟಿಗೆ ಕಡಿಮೆ ಅಂಕಿ, ಓಡಿದ್ದಕ್ಕೆ ಹೆಚ್ಚಿನದು. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. 10 ಕಿಲೋ ಎಂದರೆ ಎಷ್ಟು ಎಂಬುದು ಬೆರಳಿಗೆ ತಿಳಿಯದಿದ್ದರೆ ತೂಕದ ಯಂತ್ರದ ಮೇಲೆ ಹೆಬ್ಬೆರಳು ಒತ್ತಿ ಅಭ್ಯಾಸ ಮಾಡಿ. ನನ್ನ ಹತ್ತಿರ ಕಲಿಯಲು ಬರುವ ಹುಡುಗರಿಗೆ ಮೊದಲ ದಿನ ಮಾಡಿಸುವುದು ಇದನ್ನೇ. ಆಮೇಲೆ ಹದಿನೈದು ನಿಮಿಷ ಎಂಜಿನ್ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಒತ್ತಿ ನೋಡಿ. ಹೊಸ ಬೆಲ್ಟ್ ತೋಡಿನಲ್ಲಿ ಕೂತು ಒಂದಿಷ್ಟು ಸಡಿಲವಾಗುತ್ತದೆ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ. ಈ ಎರಡನೆಯ ನೋಟವನ್ನು ತಪ್ಪಿಸಿದ್ದರಿಂದಲೇ ಎಷ್ಟೋ ಹೊಸ ಬೆಲ್ಟುಗಳು ಮೊದಲ ತಿಂಗಳಲ್ಲೇ ಹೊಳಪು ಹತ್ತಿಸಿಕೊಂಡು ಕೆಟ್ಟಿವೆ.

ಅತಿಯಾಗಿ ಬಿಗಿಯುವುದಕ್ಕೆ ನಾನು ಇಷ್ಟು ಹೆದರುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರ ಕಾರು ನನ್ನ ಬಳಿ ಬಂತು, ಹೆಚ್ಚುಕಡಿಮೆ ನಿಮ್ಮದೇ ಕಥೆ. ಬೆಲ್ಟನ್ನು ವೀಣೆಯ ತಂತಿಯಂತೆ ಬಿಗಿದಿದ್ದರು, ಬೆರಳಿನಿಂದ ಮೀಟಿದರೆ ಸದ್ದು ಬರುತ್ತಿತ್ತು. ಕಿರುಚು ನಿಂತಿತ್ತು. ಅವರಿಗೆ ಬಹಳ ಸಮಾಧಾನವಾಗಿತ್ತು. ಎರಡು ತಿಂಗಳಲ್ಲಿ ವಾಟರ್ ಪಂಪಿನ ಬೇರಿಂಗ್ ಒಂದು ಬದಿಗೆ ಸವೆದು ಸೀಲ್ ಸೋರಿತು. ಕೂಲಂಟ್ ಇಳಿದದ್ದು ಅವರ ಗಮನಕ್ಕೆ ಬರಲಿಲ್ಲ. ನನ್ನ ಬಳಿ ಬಂದಾಗ ಎಂಜಿನ್ ಕುದಿದು ಅದರ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಬೆಲ್ಟ್, ಬ್ಯಾಟರಿ ಮತ್ತು ಒಂದು ಗಂಟೆಯ ಕೆಲಸದಲ್ಲಿ ಮುಗಿಯಬೇಕಾದದ್ದಕ್ಕೆ ಎಂಜಿನ್ನಿನ ಹೆಡ್ ಇಳಿಸಬೇಕಾಯಿತು. ಅವರ ಮುಖ ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಹೊಸ ಬೆಲ್ಟ್ ಹಾಕಿಯೂ ಚಿಲಿಪಿಲಿ ಬಂದರೆ ಪುಲಿಗಳ ಸಾಲು ನೋಡಿ. ನೇರವಾದ ಉಕ್ಕಿನ ಸ್ಕೇಲನ್ನು ಕ್ರ್ಯಾಂಕ್ ಪುಲಿಯ ಮುಖಕ್ಕೆ ತಾಗಿಸಿ ಆಲ್ಟರ್ನೇಟರ್ ಪುಲಿಯವರೆಗೆ ಹಿಡಿಯಿರಿ. ಎರಡರ ತೋಡುಗಳೂ ಒಂದೇ ಗೆರೆಯಲ್ಲಿರಬೇಕು. ಒಂದು ಅಡಿ ದೂರಕ್ಕೆ ಒಂದೂವರೆ ಮಿಲಿಮೀಟರ್‌ಗಿಂತ ಹೆಚ್ಚು ತಪ್ಪಬಾರದು. ಆಲ್ಟರ್ನೇಟರನ್ನು ಹಿಂದೆ ಎಂದಾದರೂ ರಿಪೇರಿಗೆ ಇಳಿಸಿದ್ದರೆ ಒಂದು ವಾಷರ್ ಹೆಚ್ಚುಕಡಿಮೆಯಾಗಿಯೂ ಸಾಲು ತಪ್ಪಿರುತ್ತದೆ. ತಿರುಗಣಿ ಬೋಲ್ಟಿನ ರಂಧ್ರ ಸವೆದು ಮೊಟ್ಟೆಯಾಕಾರ ಆಗಿದ್ದರೆ, ಬಿಗಿದಾಗ ಸರಿ ಇದ್ದು ಓಡುವಾಗ ವಾಲುತ್ತದೆ.

ಎಸಿ ಬೆಲ್ಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಗುರುತು ಹೇಳಿಬಿಡುತ್ತೇನೆ. ಎಸಿ ಗುಂಡಿ ಒತ್ತಿದಾಗ ‘ಟಕ್’ ಎಂದು ಕ್ಲಚ್ ಕೂತ ಕೂಡಲೇ ಕಿರುಚಿದರೆ ಅದು ಎಸಿ ಬೆಲ್ಟ್. ಸುಟ್ಟ ರಬ್ಬರಿನ ವಾಸನೆಯೂ ಬಂದರೆ ಕಂಪ್ರೆಸರ್ ಹಿಡಿದುಕೊಳ್ಳುತ್ತಿದೆ, ಎಸಿ ಹಾಕದೆ ನೇರ ಎಸಿ ಮೆಕ್ಯಾನಿಕ್ ಬಳಿ ಹೋಗಿ. ಎಸಿ ಹಾಕದೇ ಇದ್ದಾಗಲೂ ಅದರ ಪುಲಿ ಬೆಲ್ಟಿನ ಜೊತೆ ತಿರುಗುತ್ತಲೇ ಇರುತ್ತದೆ, ಆದ್ದರಿಂದ ಅಲ್ಲಿನ ಬೇರಿಂಗಿನ ಗೊರಗೊರ ಎಸಿ ಬಂದ್ ಇದ್ದರೂ ಕೇಳಬಹುದು.

ಇದನ್ನು ಓದುವ ಬೇರೆ ಕಾರಿನವರಿಗೆ ಒಂದು ಮಾತು. ಅಗಲವಾದ, ಒಳಮೈಯಲ್ಲಿ ಉದ್ದುದ್ದ ಗೆರೆಗಳಿರುವ ಬೆಲ್ಟ್ ನಿಮ್ಮದಾದರೆ ಅದರ ಬೆನ್ನಿನ ಮೇಲೆ ‘4 ಪಿಕೆ 855’ ಎಂಬ ರೀತಿಯ ಗುರುತು ಇರುತ್ತದೆ: ನಾಲ್ಕು ಗೆರೆ, 855 ಮಿಲಿಮೀಟರ್ ಉದ್ದ. ಇತ್ತೀಚಿನ ಇಂಥ ಬೆಲ್ಟುಗಳ ರಬ್ಬರ್ ಹಳೆಯದರಂತೆ ಬಿರುಕು ಬಿಡುವುದಿಲ್ಲ, ಟೈರಿನಂತೆ ಸವೆಯುತ್ತದೆ. ಬಿರುಕಿಲ್ಲ ಎಂದ ಮಾತ್ರಕ್ಕೆ ಚೆನ್ನಾಗಿದೆ ಎನ್ನುವಂತಿಲ್ಲ, ಗೆರೆಗಳ ಆಳ ನೋಡಬೇಕು. ತಾನಾಗಿ ಬಿಗಿದುಕೊಳ್ಳುವ ಸ್ಪ್ರಿಂಗ್ ಟೆನ್ಷನರ್ ಇರುವ ಕಾರುಗಳಲ್ಲಿ ಕೈಯಿಂದ ಬಿಗಿಯುವ ಪ್ರಶ್ನೆಯೇ ಇಲ್ಲ. ಎಂಜಿನ್ ಓಡುವಾಗ ಟೆನ್ಷನರ್ ತೋಳು ಜೋರಾಗಿ ಕುಣಿಯುತ್ತಿದ್ದರೆ ಬದಲಾಯಿಸಬೇಕಾದದ್ದು ಅದನ್ನು.

ಕೆಲಸ ಆಗುವವರೆಗೆ ಕಾರು ಓಡಿಸಬಹುದೇ? ಪೇಟೆಗೆ ಹೋಗಿಬನ್ನಿ, ಘಾಟಿ ಇಳಿಯಬೇಡಿ. ಆಗುಂಬೆಯ ತಿರುವುಗಳಲ್ಲಿ ಮಳೆ, ಮಂಜು, ಹೆಡ್‌ಲೈಟ್, ವೈಪರ್ ಎಲ್ಲ ಒಟ್ಟಿಗೆ ಇರುವಾಗ ಬೆಲ್ಟ್ ಹರಿದರೆ ನಿಲ್ಲಿಸಲು ಜಾಗವೂ ಸಿಗದು. ಓಡುತ್ತಿರುವಾಗ ಕಿರುಚು ಹಠಾತ್ತನೆ ನಿಂತು ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿದರೆ ಬೆಲ್ಟ್ ಹೋಯಿತೆಂದು ತಿಳಿಯಿರಿ. ವಾಟರ್ ಪಂಪ್ ನಿಂತಿದೆ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಕುದಿಯುತ್ತದೆ. ಬದಿಗೆ ತೆಗೆದುಕೊಂಡು ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಹಳೆಯ ಡೀಸೆಲ್ ವಾಹನ ಇರುವವರು ಇನ್ನೂ ಒಂದು ಸಂಗತಿ ತಿಳಿದಿರಬೇಕು: ಅಂಥ ಹಲವು ವಾಹನಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್‌ನ ಬೆನ್ನಿಗೇ ಇರುತ್ತದೆ. ಬೆಲ್ಟ್ ಹರಿದ ಮೇಲೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಆಗ ಗಾಬರಿಯಾಗದೆ ಎರಡೂ ಕಾಲಿನ ಬಲ ಹಾಕಿ ತುಳಿಯಬೇಕು, ಗೇರ್ ಇಳಿಸುತ್ತ ಬರಬೇಕು.

ಈ ಭಾನುವಾರ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ಬ್ಯಾಟರಿಯಿಂದ ಶುರು ಮಾಡಿ. ಅಲ್ಲಿ ಸಿಕ್ಕ ಎರಡು ಅಂಕಿಗಳನ್ನು, ಬೆಲ್ಟ್ ತೋಡಿನಲ್ಲಿ ಎಷ್ಟು ಆಳಕ್ಕೆ ಕೂತಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್ ಕೈಗೆ ಕೊಡಿ. ‘ಬೆಲ್ಟ್ ಬಿಗಿ ಮಾಡಿ’ ಎಂದು ಹೇಳುವ ಬದಲು ‘ಬಿಚ್ಚಿ ಪುಲಿಗಳನ್ನು ನೋಡಿ’ ಎಂದು ಹೇಳಿ, ಬಿಚ್ಚುವಾಗ ಪಕ್ಕದಲ್ಲೇ ನಿಂತಿರಿ.